ಒತ್ತಿದರೂ ಓಗೊಡದ ಗುಂಡಿ

ಕಂಪ್ಯೂಟರ್ ಪರದೆಯ ಮೇಲಿನ ಯಾವುದಾದರೂ ಗುಂಡಿಯ ಮೇಲೆ ಮೌಸ್ ಒತ್ತಿ, ಬೆರಳು ಎತ್ತದೆ ಹಾಗೇ ಹಿಡಿದುಕೊಂಡು, ಪಕ್ಕದ ಖಾಲಿ ಜಾಗಕ್ಕೆ ಜಾರಿಸಿ ಅಲ್ಲಿ ಬಿಟ್ಟು ನೋಡಿ. ಏನೂ ಆಗುವುದಿಲ್ಲ. ಒಳಗೆ ಕುಗ್ಗಿದಂತೆ ಕಂಡ ಗುಂಡಿ ಬಾಣದ ಗುರುತು ಆಚೆ ಸರಿದಾಗ ಮತ್ತೆ ಮೇಲೆದ್ದಿತು, ಅಷ್ಟೆ. ಹಣ ಹೋಗಲಿಲ್ಲ, ಕಡತ ಅಳಿಯಲಿಲ್ಲ. ಪರದೆಯ ಗುಂಡಿ ಕೆಲಸ ಮಾಡುವುದು ಒತ್ತಿದಾಗ ಅಲ್ಲ, ಬಿಟ್ಟಾಗ. ಒತ್ತುವುದಕ್ಕೂ ಬಿಡುವುದಕ್ಕೂ ನಡುವಿನ ಆ ಅರೆಗಳಿಗೆಯಲ್ಲಿ ಮನಸ್ಸು ಬದಲಿಸಲು ಒಂದು ಎಡೆ ಇಟ್ಟಿದ್ದಾರೆ. 1984ರ ಮೆಕಿಂಟಾಷ್‌ನಲ್ಲೂ ಹೀಗೇ ಇತ್ತು, ಇಂದಿನ ವಿಂಡೋಸ್‌ನಲ್ಲೂ ಬ್ರೌಸರ್‌ಗಳಲ್ಲೂ ಹೀಗೇ ಇದೆ. ಬಳಸುವವರಲ್ಲಿ ಹೆಚ್ಚಿನವರಿಗೆ ಈ ಕಟ್ಟಳೆ ಗೊತ್ತಿಲ್ಲ, ಆದರೂ ಎಷ್ಟೋ ಸಲ ಅದರಿಂದ ಬಚಾವಾಗಿರುತ್ತಾರೆ. ಸಿದ್ಧ ಗುಂಡಿ ಬೇಡವೆಂದು ತಮ್ಮದೇ ಗುಂಡಿ ಕಟ್ಟಲು ಕೂರುವ ಪ್ರೋಗ್ರಾಮರ್‌ಗಳಲ್ಲೂ ಅನೇಕರಿಗೆ ಇದು ಗೊತ್ತಿರುವುದಿಲ್ಲ. ತೊಂದರೆ ಶುರುವಾಗುವುದು ಅಲ್ಲಿ.

ಹೀಗೆ ಕಟ್ಟಿಕೊಂಡದ್ದನ್ನು ಕಸ್ಟಮ್ ಬಟನ್ ಎನ್ನುತ್ತಾರೆ. ಕಾರಣ ಬಹುಪಾಲು ಒಂದೇ: ಸಿದ್ಧ ಗುಂಡಿ ನೋಡಲು ಚೆನ್ನಾಗಿಲ್ಲ. ಸಂಸ್ಥೆಯ ಬಣ್ಣ ಬೇಕು, ಮೂಲೆ ದುಂಡಗಿರಬೇಕು, ಕೆಳಗೊಂದು ನೆರಳು, ಎಡಕ್ಕೊಂದು ಚಿತ್ರ. ಹಾಗಾಗಿ ಒಂದು ಬಣ್ಣದ ಚೌಕ ಬರೆದು, ಕ್ಲಿಕ್ ಮಾಡಿದರೆ ಇಂಥದ್ದು ನಡೆಯಲಿ ಎಂದು ಒಂದು ಸಾಲು ಕೋಡ್ ಸೇರಿಸಿಬಿಡುತ್ತಾರೆ. ಮೊದಲ ದಿನ ಎಲ್ಲ ಸರಿಯಿರುತ್ತದೆ. ಆಮೇಲೆ ದೂರುಗಳು ಬರುತ್ತವೆ: ಒಬ್ಬರಿಗೆ ಒತ್ತಿದರೂ ಸುಮ್ಮನಿದೆ, ಇನ್ನೊಬ್ಬರಿಗೆ ಒಮ್ಮೆ ಒತ್ತಿದರೆ ಎರಡು ಸಲ ಕೆಲಸ ಮಾಡಿದೆ, ಮತ್ತೊಬ್ಬರ ಮೌಸ್‌ಗೆ ಓಗೊಡುವ ಗುಂಡಿ ಕೀಬೋರ್ಡ್‌ಗೆ ಕಿವುಡು. ಕನ್ನಡದಲ್ಲಿ ಗುಂಡಿ ಎಂದರೆ ಒತ್ತುವುದೂ ಹೌದು, ಕಾಲು ಜಾರಿ ಬೀಳುವುದೂ ಹೌದು. ಎರಡನೆಯ ಅರ್ಥ ಇಲ್ಲಿಗೇ ಹೆಚ್ಚು ಹೊಂದುತ್ತದೆ. ದೂರು ಬಂದ ಕೂಡಲೇ ಕ್ಲಿಕ್ಕಿನ ಕೋಡನ್ನು ತೆರೆದು ಅದರಲ್ಲಿ ತಪ್ಪು ಹುಡುಕುವುದು ವಾಡಿಕೆ. ನನ್ನ ವಾದವೇನೆಂದರೆ, ಹುಡುಕಬೇಕಾದ ಜಾಗ ಬೇರೆಯೇ ಇದೆ. ಸಿದ್ಧ ಗುಂಡಿಯಿಂದ ಎರವಲು ತಂದದ್ದು ಅದರ ಮುಖವನ್ನು ಮಾತ್ರ. ನಡತೆಯನ್ನು ಹಿಂದೆಯೇ ಬಿಟ್ಟು ಬಂದಿದ್ದೇವೆ. ಏನನ್ನು ಬಿಟ್ಟು ಬಂದೆವು ಎಂದು ಕೇಳಿಕೊಂಡರೆ ದೋಷ ಬೇಗ ಸಿಗುತ್ತದೆ.

ವೆಬ್ ಪುಟಗಳಲ್ಲಿ ಇದಕ್ಕೆ ಹೇರಳ ಸಾಕ್ಷ್ಯವಿದೆ. ಬಟನ್ ಎಂಬ ಸಿದ್ಧ ಎಲಿಮೆಂಟ್ 1997ರ ಎಚ್‌ಟಿಎಂಎಲ್ 4ರಿಂದಲೇ ಇದೆ. ಆದರೂ ಡಿವ್ ಎಂಬ, ಯಾವ ಗುಣವೂ ಇಲ್ಲದ ಖಾಲಿ ಪೆಟ್ಟಿಗೆಯನ್ನು ಗುಂಡಿಯ ವೇಷದಲ್ಲಿ ನಿಲ್ಲಿಸುವುದು ಇಂದಿಗೂ ರೂಢಿ. ಅಂಥ ಗುಂಡಿಯ ರಿಪೇರಿಯ ಕಥೆ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ ದಾರಿಯಲ್ಲಿ ಸಾಗುತ್ತದೆ. ಟ್ಯಾಬ್ ಕೀಲಿ ಒತ್ತುತ್ತ ಹೋದರೆ ಫೋಕಸ್ ಈ ಗುಂಡಿಯನ್ನು ಹಾರಿ ಮುಂದಕ್ಕೆ ಹೋಗುತ್ತದೆ. ಅದಕ್ಕೆಂದು ಟ್ಯಾಬ್‌ಇಂಡೆಕ್ಸ್ ಸೇರಿಸುತ್ತಾರೆ. ಈಗ ಫೋಕಸ್ ಬಂತು, ಆದರೆ ಎಂಟರ್ ಒತ್ತಿದರೆ ಏನೂ ಆಗದು. ಎಂಟರ್‌ಗೊಂದು ಕೋಡ್. ಇನ್ನು ಸ್ಪೇಸ್: ಒತ್ತಿದರೆ ಗುಂಡಿಯ ಬದಲು ಇಡೀ ಪುಟವೇ ಕೆಳಗೆ ಸರಿಯುತ್ತದೆ, ಏಕೆಂದರೆ ಬ್ರೌಸರ್‌ಗೆ ಇದು ಗುಂಡಿಯೆಂದು ಗೊತ್ತಿಲ್ಲ. ಪುಟ ಸರಿಯದಂತೆ ತಡೆದು ಸ್ಪೇಸ್‌ಗೂ ಕೋಡ್ ಬರೆದರೆ, ಕೀಲಿಯನ್ನು ತುಸು ಹೆಚ್ಚು ಹೊತ್ತು ಹಿಡಿದವರ ಅರ್ಜಿ ನಾಲ್ಕಾರು ಸಲ ಸಲ್ಲಿಕೆಯಾಗಿರುತ್ತದೆ. ಹಿಡಿದ ಕೀಲಿ ಮತ್ತೆ ಮತ್ತೆ ಒತ್ತಿದಂತೆ ಸಂದೇಶ ಕಳಿಸುತ್ತಲೇ ಇರುತ್ತದೆ. ಸಿದ್ಧ ಬಟನ್ ಸ್ಪೇಸ್ ಕೀಲಿಯ ವಿಷಯದಲ್ಲಿ ಬೆರಳು ಮೇಲೇಳುವವರೆಗೆ ಕಾಯುತ್ತದೆ, ನಮ್ಮ ಕೋಡ್ ಕಾಯಲಿಲ್ಲ. ಒತ್ತಿ-ಬಿಡುವ ಅದೇ ಹಳೆಯ ಕಟ್ಟಳೆ ಕೀಬೋರ್ಡ್ ರೂಪದಲ್ಲಿ ಮತ್ತೆ ಎದುರಾಯಿತು. ಈ ನಾಲ್ಕು ದೂರುಗಳಲ್ಲಿ ಒಂದಕ್ಕೂ ಕ್ಲಿಕ್ಕಿನ ಕೋಡ್ ಕಾರಣವಲ್ಲ. ಅದು ಮೊದಲ ದಿನದಿಂದಲೂ ಸರಿಯಾಗಿಯೇ ಇತ್ತು.

ಫೋನಿನಲ್ಲಿ ನಡೆದದ್ದು ಇನ್ನೂ ಸ್ವಾರಸ್ಯಕರ. 2007ರಲ್ಲಿ ಐಫೋನ್ ಬಂದಾಗ ಎರಡು ಸಲ ತಟ್ಟಿದರೆ ಪುಟ ಹಿಗ್ಗುವ ಸೌಲಭ್ಯ ಅದರಲ್ಲಿತ್ತು. ಮೊದಲ ತಟ್ಟಿನ ಹಿಂದೆ ಎರಡನೆಯದು ಬರುತ್ತದೋ ಎಂದು ತಿಳಿಯಲು ಬ್ರೌಸರ್ ಸುಮಾರು 300 ಮಿಲಿಸೆಕೆಂಡ್ ಕಾಯಬೇಕಾಗುತ್ತಿತ್ತು. ಅಷ್ಟು ಹೊತ್ತು ಗುಂಡಿ ಮಂಕಾಗಿ ಕೂತಂತೆ ಕಾಣುತ್ತದೆ. ತಾಳ್ಮೆಗೆಟ್ಟ ಡೆವಲಪರ್‌ಗಳು ಕ್ಲಿಕ್ ಬಿಟ್ಟು, ಬೆರಳು ತಾಗಿದ ಕ್ಷಣವೇ ಕೆಲಸ ಮಾಡುವಂತೆ ಗುಂಡಿಯನ್ನು ಕಟ್ಟಿದರು. ವೇಗ ಬಂತು. ಜೊತೆಗೆ, ಪುಟವನ್ನು ಮೇಲೆ ತಳ್ಳಲೆಂದು ಬೆರಳಿಟ್ಟವರ ಬೆರಳ ಕೆಳಗೆ ಗುಂಡಿಯಿದ್ದರೆ ಅದೂ ಒತ್ತಿಹೋಗತೊಡಗಿತು. ದೆವ್ವದ ಕ್ಲಿಕ್ ಎಂಬ ಹೆಸರು ಪಡೆದ ಇನ್ನೊಂದು ಕಾಟವೂ ಅಂಟಿಕೊಂಡಿತು: ಬೆರಳು ತಾಗುತ್ತಲೇ ಗುಂಡಿ ತನ್ನ ಕೆಲಸ ಮುಗಿಸಿ, ಇದ್ದ ಪೆಟ್ಟಿಗೆಯನ್ನು ಮುಚ್ಚಿಬಿಡುತ್ತದೆ, ತಡವಾಗಿ ಬಂದ ನಿಜವಾದ ಕ್ಲಿಕ್ ಈಗ ಅದೇ ಜಾಗದಲ್ಲಿ ಕೆಳಗೆ ಕಾಣಿಸಿಕೊಂಡ ಬೇರೇನಕ್ಕೋ ಬಡಿಯುತ್ತದೆ. ಇದನ್ನು ಎದುರಿಸಿದವರು ಕೆಳಗಿನ ಕೊಂಡಿಯಲ್ಲಿ ತಪ್ಪು ಹುಡುಕಿ ಹುಡುಕಿ ದಣಿದಿರಬೇಕು, ಪಾಪ. ಫೋನಿಗೆ ಹೊಂದುವಂತೆ ಬರೆದ ಪುಟಗಳಲ್ಲಿ ಆ ಕಾಯುವಿಕೆಯನ್ನು ಕ್ರೋಮ್ 2014ರಲ್ಲೂ ಐಫೋನ್ 2016ರಲ್ಲೂ ಕೈಬಿಟ್ಟವು. ಕಾಯಿಲೆ ಹೋದರೂ ಎಷ್ಟೋ ಹಳೆಯ ಕೋಡ್‌ಗಳಲ್ಲಿ ಔಷಧಿ ಮಾತ್ರ ಉಳಿದುಕೊಂಡಿತು, ಅದರ ಅಡ್ಡಪರಿಣಾಮದ ಸಮೇತ. 2018ರ ಜೂನ್‌ನಲ್ಲಿ ಹೊರಬಂದ ವೆಬ್ ಸುಗಮ್ಯತೆಯ ಅಂತರರಾಷ್ಟ್ರೀಯ ಮಾರ್ಗಸೂಚಿಯ 2.1ನೇ ಆವೃತ್ತಿ, ಒತ್ತಿದ ಕ್ಷಣಕ್ಕೇ ಕೆಲಸ ಜರುಗಬಾರದು, ಹಿಂತೆಗೆಯಲು ದಾರಿ ಇರಬೇಕು ಎಂಬುದನ್ನು ಕನಿಷ್ಠ ಹಂತದ ನಿಯಮವಾಗಿಯೇ ಸೇರಿಸಿತು. 1984ರಲ್ಲಿ ಹೇಳದೆಯೇ ನಡೆಯುತ್ತಿದ್ದುದನ್ನು ಬರೆದು ಹೇಳಬೇಕಾದ ಕಾಲ ಬಂದಿತ್ತು.

ಇದು ವೆಬ್ಬಿನ ಹುಡುಗಾಟಿಕೆ, ಗಟ್ಟಿ ಡೆಸ್ಕ್‌ಟಾಪ್ ತಂತ್ರಾಂಶಗಳಲ್ಲಿ ಹೀಗಾಗದು ಎನ್ನುವವರಿದ್ದಾರೆ. ವಿಂಡೋಸ್ ಈ ವಿಷಯದಲ್ಲಿ ಜಾಣತನ ತೋರಿದ್ದು ನಿಜ. ಅಲ್ಲಿ ಓನರ್-ಡ್ರಾ ಎಂಬ ಏರ್ಪಾಡು ಬಹಳ ಹಿಂದಿನಿಂದ ಇದೆ: ಗುಂಡಿಯ ಒತ್ತುವಿಕೆ, ಫೋಕಸ್, ಕೀಬೋರ್ಡ್ ಎಲ್ಲವನ್ನೂ ವ್ಯವಸ್ಥೆಯೇ ನೋಡಿಕೊಳ್ಳುತ್ತದೆ, ಬಣ್ಣ ಬಳಿಯುವ ಹೊತ್ತಿಗೆ ಮಾತ್ರ ನಮ್ಮ ಪ್ರೋಗ್ರಾಮನ್ನು ಕರೆದು, ‘ಈಗ ಒತ್ತಿದ ಸ್ಥಿತಿ, ಈಗ ನಿಷ್ಕ್ರಿಯ ಸ್ಥಿತಿ, ನಿನಗೆ ಬೇಕಾದಂತೆ ಬರೆದುಕೋ’ ಎನ್ನುತ್ತದೆ. ಮುಖ ನಮ್ಮದು, ನಡತೆ ಅದರದು. ಈ ಹಂಚಿಕೆಯೇ ನಾನು ಹೇಳುತ್ತಿರುವ ವಾದದ ತಿರುಳು. ಆದರೆ ಹಂಚಿಕೆಯ ಗೆರೆ ಎಲ್ಲಿದೆ ಎಂದು ತಿಳಿಯದಿದ್ದರೆ ಅಲ್ಲೂ ಎಡವಬಹುದು. ಬೇಗ ಬೇಗ ಎರಡು ಸಲ ಒತ್ತಿದರೆ ಸಾಮಾನ್ಯ ಗುಂಡಿ ಎರಡು ಕ್ಲಿಕ್ ಎನ್ನುತ್ತದೆ. ಓನರ್-ಡ್ರಾ ಗುಂಡಿ ಎರಡನೆಯ ಒತ್ತನ್ನು ಡಬಲ್-ಕ್ಲಿಕ್ ಎಂಬ ಬೇರೆ ಸಂದೇಶವಾಗಿ ಕಳಿಸುತ್ತದೆ. ಕ್ಲಿಕ್ಕಿಗೆ ಮಾತ್ರ ಕಿವಿಗೊಟ್ಟ ಪ್ರೋಗ್ರಾಮ್ ಅದನ್ನು ಕೇಳಿಸಿಕೊಳ್ಳುವುದೇ ಇಲ್ಲ. ಪ್ರಮಾಣ ಹೆಚ್ಚಿಸಲೆಂದು ಪಟಪಟನೆ ಒತ್ತುವವರಿಗೆ ‘ಗುಂಡಿ ಒತ್ತುಗಳನ್ನು ನುಂಗುತ್ತದೆ’ ಎನ್ನಿಸುವುದು ಇದರಿಂದಲೇ. ಮೌಸ್ ಕೆಟ್ಟಿದೆಯೆಂದು ಹೊಸದು ಕೊಂಡರೂ ಇದು ಸರಿಹೋಗದು.

ಮೊದಲ ಆಕ್ಷೇಪ ಇಲ್ಲಿ ಸಹಜವಾಗಿ ಏಳುತ್ತದೆ. ಸಿದ್ಧ ಗುಂಡಿಗಳೇನು ಸತ್ಯಹರಿಶ್ಚಂದ್ರರೇ? ಅವೂ ಹೇಳದೆ ಕೇಳದೆ ವಿಚಿತ್ರವಾಗಿ ಆಡುವುದಿಲ್ಲವೇ? ಆಡುತ್ತವೆ. ಫಾರ್ಮ್ ಒಳಗಿಟ್ಟ ಎಚ್‌ಟಿಎಂಎಲ್ ಬಟನ್‌ಗೆ ಅದರ ಬಗೆ ಏನೆಂದು ಹೇಳದೆ ಬಿಟ್ಟರೆ, ಅದು ತನ್ನನ್ನು ಸಲ್ಲಿಸುವ ಗುಂಡಿ ಎಂದೇ ಭಾವಿಸುತ್ತದೆ. ‘ಇನ್ನೊಂದು ಸಾಲು ಸೇರಿಸಿ’ ಎಂಬ ಪುಟ್ಟ ಕೆಲಸಕ್ಕೆಂದು ಇಟ್ಟ ಗುಂಡಿ ಒತ್ತಿದರೆ ಪುಟವೇ ಮರುಲೋಡ್ ಆಗಿ, ತುಂಬಿದ್ದೆಲ್ಲ ಮಾಯವಾಗುತ್ತದೆ. ಕ್ಯೂಟಿ ಎಂಬ ತಂತ್ರಾಂಶ ಚೌಕಟ್ಟಿನಲ್ಲಿ ಡೈಲಾಗ್ ಒಳಗಿನ ಗುಂಡಿಗಳಿಗೆ ಆಟೋಡಿಫಾಲ್ಟ್ ಎಂಬ ಗುಣ ತಾನಾಗಿ ಬರುತ್ತದೆ. ಪಠ್ಯದ ಪೆಟ್ಟಿಗೆಯಲ್ಲಿ ಟೈಪ್ ಮಾಡಿ ಎಂಟರ್ ಒತ್ತಿದವರಿಗೆ ಎಲ್ಲೋ ಇದ್ದ ಗುಂಡಿ ತಾನಾಗಿ ಒತ್ತಿಹೋದ ಅನುಭವ. ಆದರೆ ಈ ಚಾಳಿಗಳಿಗೂ ಡಿವ್‌ನ ಚಾಳಿಗಳಿಗೂ ಒಂದು ಮುಖ್ಯ ವ್ಯತ್ಯಾಸವಿದೆ. ಸಿದ್ಧ ಗುಂಡಿಯ ಚಾಳಿ ಎಲ್ಲ ಕಡೆಯೂ ಒಂದೇ ಬಗೆ, ಕೈಪಿಡಿಯಲ್ಲಿ ಬರೆದಿದೆ, ಒಂದು ಪದದಿಂದ ಸರಿಹೋಗುತ್ತದೆ: ಬಗೆ ಇಂಥದ್ದೆಂದು ಹೇಳಿದರೆ ಅಥವಾ ಆಟೋಡಿಫಾಲ್ಟ್ ಬೇಡವೆಂದರೆ ಮುಗಿಯಿತು. ನಾವೇ ಕಟ್ಟಿದ ಗುಂಡಿಯ ಚಾಳಿ ಕಟ್ಟಿದವರ ತಲೆಯಲ್ಲಿ ಮಾತ್ರ ಇರುತ್ತದೆ, ಅವರು ಕೆಲಸ ಬಿಟ್ಟು ಹೋದ ಮೇಲೆ ಅಲ್ಲಿಯೂ ಇರುವುದಿಲ್ಲ.

ಹಾಗೆಂದು ಎಲ್ಲ ದೋಷವನ್ನೂ ನಡತೆಯ ಮೇಲೆ ಹಾಕಿದರೆ ಅನ್ಯಾಯ. ವೈರಿಂಗ್‌ನಲ್ಲೇ ತಪ್ಪಿರುವುದೂ ಉಂಟು. ಅಂಥ ಕಡೆ ತಪ್ಪು ಯಾವ ಹೊತ್ತಿಗೆ ಕಾಣಿಸಿಕೊಂಡಿತು ಎಂಬುದೇ ಅದರ ವಿಳಾಸ ಹೇಳುತ್ತದೆ. ಪೈಥಾನ್ ಕಲಿಯುವವರು ಟಿಕಿಂಟರ್‌ನಲ್ಲಿ ಬರೆಯುವ ಮೊದಲ ಗುಂಡಿಗಳನ್ನೇ ತೆಗೆದುಕೊಳ್ಳಿ. ಕಿಟಕಿ ತೆರೆಯುತ್ತಲೇ, ಯಾರೂ ಮುಟ್ಟದೆಯೇ, ಗುಂಡಿಯ ಕೆಲಸ ನಡೆದುಹೋಗಿ ಆಮೇಲೆ ಒತ್ತಿದರೆ ಸುಮ್ಮನಿದ್ದರೆ, ಫಂಕ್ಷನ್ನಿನ ಹೆಸರನ್ನು ಕೊಡಬೇಕಾದಲ್ಲಿ ಹೆಸರಿನ ಬಾಲಕ್ಕೆ ಆವರಣ ಚಿಹ್ನೆ ಹಾಕಿ ಅದನ್ನು ಅಲ್ಲೇ ಕರೆದುಬಿಟ್ಟಿದ್ದಾರೆ ಎಂದರ್ಥ. ‘ರಾಮಣ್ಣನಿಗೆ ಹೇಳು’ ಎನ್ನುವುದರ ಬದಲು ‘ರಾಮಣ್ಣಾ!’ ಎಂದು ಕೂಗಿದ ಹಾಗೆ. ಕ್ಯಾಲ್ಕ್ಯುಲೇಟರ್‌ನ ಹತ್ತು ಗುಂಡಿಗಳನ್ನು ಲೂಪ್‌ನಲ್ಲಿ ಕಟ್ಟಿ, ಯಾವುದನ್ನು ಒತ್ತಿದರೂ 9 ಬಂದರೆ, ಪ್ರತಿ ಗುಂಡಿಯೂ ತನ್ನ ಅಂಕೆಯನ್ನು ನೆನಪಿಡುವ ಬದಲು ಒಂದೇ ವೇರಿಯಬಲ್‌ನತ್ತ ಬೆರಳು ತೋರಿಸುತ್ತಿದೆ. ಲೂಪ್ ಮುಗಿದಾಗ ಅದರಲ್ಲಿ ಉಳಿದದ್ದು 9. ಚಿತ್ರವಿರಬೇಕಾದ ಗುಂಡಿ ಖಾಲಿಯಾಗಿ ಕಂಡರೆ, ಫಂಕ್ಷನ್ ಮುಗಿದ ಮೇಲೆ ಚಿತ್ರವನ್ನು ಯಾರೂ ಹಿಡಿದಿಟ್ಟುಕೊಳ್ಳದೆ ಪೈಥಾನ್ ಅದನ್ನು ಕಸವೆಂದು ಗುಡಿಸಿಹಾಕಿದೆ. ಒತ್ತಿದ ಗುಂಡಿ ಕುಗ್ಗಿ ಕುಗ್ಗಿದಂತೆಯೇ ನಿಂತರೆ, ಪರದೆಯನ್ನು ನೋಡಿಕೊಳ್ಳುವ ಒಬ್ಬನೇ ಆಳಿನ ಹೆಗಲಿಗೆ ಯಾವುದೋ ದೀರ್ಘ ಕೆಲಸ ಹೇರಿದ್ದಾರೆ. ಆ ಹೊತ್ತಿನಲ್ಲಿ ಸಿಟ್ಟಿನಿಂದ ಒತ್ತಿದ ಒತ್ತುಗಳೆಲ್ಲ ಸರತಿಯಲ್ಲಿ ಕಾದಿದ್ದು, ಕೆಲಸ ಮುಗಿದ ಕೂಡಲೇ ಒಟ್ಟಿಗೆ ಹೊಡೆಯುತ್ತವೆ. ಒಮ್ಮೆ ಒತ್ತಿದ್ದು ನಾಲ್ಕಾಗುವುದಕ್ಕೆ ಇದೂ ಒಂದು ದಾರಿ.

ಒತ್ತು ಗುಂಡಿಯನ್ನು ತಲುಪಿಯೇ ಇಲ್ಲದ ಪ್ರಕರಣಗಳೂ ಇವೆ. ಕಣ್ಣಿಗೆ ಕಾಣದ ಪಾರದರ್ಶಕ ಪದರವೊಂದು ಗುಂಡಿಯ ಮೇಲೆ ಹಾಸಿಕೊಂಡಿರುತ್ತದೆ, ಹಿಂದೆ ಯಾವಾಗಲೋ ತೆರೆದ ಸಂದೇಶದ ಪೆಟ್ಟಿಗೆ ಬಿಟ್ಟುಹೋದದ್ದು. ಗುಂಡಿಯ ಕೋಡ್‌ನಲ್ಲಿ ಎಷ್ಟು ಸಲ ಕಣ್ಣಾಡಿಸಿದರೂ ಇದು ಸಿಗದು. ಒತ್ತಿದ ಬಿಂದುವಿನಲ್ಲಿ ಎಲ್ಲಕ್ಕಿಂತ ಮೇಲೆ ಯಾರಿದ್ದಾರೆ ಎಂದು ಬ್ರೌಸರನ್ನೇ ಕೇಳಬೇಕು, ಅದಕ್ಕೆ ಸಲಕರಣೆ ಅದರಲ್ಲೇ ಇದೆ. ಇದಕ್ಕೆ ತಿರುಗುಮುರುಗಾದದ್ದೂ ಇದೆ: ಗುಂಡಿಯೊಳಗಿನ ಪುಟ್ಟ ಚಿತ್ರದ ಮೇಲೆ ಬೆರಳು ಬಿದ್ದಾಗ, ಒತ್ತಿಸಿಕೊಂಡದ್ದು ಚಿತ್ರ, ಗುಂಡಿಯಲ್ಲ ಎಂದು ಕೋಡ್ ತಿಳಿಯುತ್ತದೆ. ಅಂಚಿನಲ್ಲಿ ಒತ್ತಿದರೆ ಸರಿ, ನಡುವೆ ಒತ್ತಿದರೆ ಇಲ್ಲ ಎಂಬ ವಿಚಿತ್ರ ದೂರಿನ ಹಿಂದೆ ಬಹುತೇಕ ಇದೇ ಇರುತ್ತದೆ.

ಎರಡನೆಯ ಆಕ್ಷೇಪ ಅಂದದ್ದು. ಸಂಸ್ಥೆಗಳಿಗೆ ತಮ್ಮದೇ ಚಹರೆ ಬೇಕು, ಎಲ್ಲರ ಗುಂಡಿಯೂ ಬೂದು ಬಣ್ಣದಲ್ಲೇ ಇರಲಿ ಎಂದರೆ ಯಾರು ಒಪ್ಪುತ್ತಾರೆ? ಈ ಮಾತಿನಲ್ಲಿ ಒಂದು ಕಾಲಕ್ಕೆ ಹುರುಳಿತ್ತು. ಮ್ಯಾಕ್‌ನಲ್ಲಿ ಟಿಕಿಂಟರ್ ಗುಂಡಿಗೆ ಹಿನ್ನೆಲೆ ಬಣ್ಣ ಹೇಳಿದರೂ ವ್ಯವಸ್ಥೆಯ ಗುಂಡಿ ತನ್ನ ಬಣ್ಣ ಬಿಟ್ಟುಕೊಡದು. ಜಾವಾದ ಗುಂಡಿಗೂ ಅಲ್ಲಿ ಅದೇ ಹಟ. ಸಿಟ್ಟು ಬಂದು ತಮ್ಮದೇ ಚೌಕ ಬರೆಯಲು ಹೊರಟವರನ್ನು ದೂರುವಂತಿಲ್ಲ. ಆದರೆ ವೆಬ್ಬಿನಲ್ಲಿ ಈ ನೆಪ ಇಂದು ನಿಲ್ಲುವುದಿಲ್ಲ. ಸಿದ್ಧ ಬಟನ್ ಎಲಿಮೆಂಟಿನ ಅಂಚು, ಬಣ್ಣ, ನೆರಳು, ಅಕ್ಷರ ಎಲ್ಲವನ್ನೂ ಸಿಎಸ್‌ಎಸ್‌ನಿಂದ ಬದಲಿಸಬಹುದು, ನಡತೆಗೆ ಒಂದು ಗೀರೂ ಬೀಳದಂತೆ. ಕ್ಯೂಟಿಯಲ್ಲೂ ಮೂಲ ಗುಂಡಿಯಿಂದ ಕವಲೊಡೆಸಿ ಚಿತ್ರ ಬರೆಯುವ ಭಾಗವನ್ನಷ್ಟೇ ಬದಲಿಸಲು ಸಾಧ್ಯ. ಬಣ್ಣ ಬೇಕೆಂದು ಮನೆಯನ್ನೇ ಕೆಡವಿದವರಿಗೆ ಸುಣ್ಣದ ಡಬ್ಬಿ ಪಕ್ಕದಲ್ಲೇ ಇತ್ತು. ಹಣ ಪಾವತಿಯಂಥ ಕಡೆ ಎರಡು ಸಲ ಒತ್ತಿದರೆ ಸಿದ್ಧ ಗುಂಡಿ ತಡೆಯುತ್ತದೆಯೇ ಎಂದು ಕೇಳುವವರಿಗೆ, ಇಲ್ಲ ಎಂದೇ ಉತ್ತರ. ಅದು ಗುಂಡಿಯ ಕೆಲಸವೂ ಅಲ್ಲ. ಒಂದೇ ಪಾವತಿ ಎರಡು ಸಲ ಬಂದರೆ ಗುರುತಿಸಬೇಕಾದದ್ದು ಆಚೆ ಬದಿಯ ಸರ್ವರ್.

ಮೂರನೆಯದು ಎಲ್ಲಕ್ಕಿಂತ ಹೆಚ್ಚು ಕೇಳಿಬರುವ ಮಾತು: ಮೌಸ್, ಬೆರಳು ಬಿಟ್ಟು ಕೀಬೋರ್ಡಿನಿಂದ ಗುಂಡಿ ಒತ್ತುವವರು ಎಷ್ಟು ಜನ? ದಿನವಿಡೀ ಅರ್ಜಿ ತುಂಬುವ ಡೇಟಾ ಎಂಟ್ರಿ ನೌಕರರನ್ನು ಕೇಳಿದರೆ ಗೊತ್ತಾಗುತ್ತದೆ. ಅವರ ಕೈ ಮೌಸ್ ಕಡೆ ಹೋಗುವುದೇ ಅಪರೂಪ. ಅವರನ್ನು ಬಿಟ್ಟರೂ, ಕಣ್ಣು ಕಾಣದವರಿಗೆ ಕೀಬೋರ್ಡ್ ಬಿಟ್ಟು ಬೇರೆ ದಾರಿಯೇ ಕಡಿಮೆ. ಆಸ್ಟ್ರೇಲಿಯಾದಲ್ಲಿ ಮೈಕೆಲ್ ಕರನ್ 2006ರಲ್ಲಿ ಶುರುಮಾಡಿದ, ಮುಂದೆ ಜೇಮ್ಸ್ ಟೇ ಜೊತೆಗೂಡಿದ ಎನ್‌ವಿಡಿಎ ಎಂಬ ಉಚಿತ ಸ್ಕ್ರೀನ್ ರೀಡರ್ ಪರದೆಯ ಮೇಲಿರುವುದನ್ನು ಓದಿ ಹೇಳುತ್ತದೆ, ಇಬ್ಬರೂ ದೃಷ್ಟಿಹೀನರೇ. ಅದರ ಜೊತೆ ಬರುವ ಇಸ್ಪೀಕ್ ದನಿ ಕನ್ನಡವನ್ನೂ ಓದುತ್ತದೆ, ಉಚ್ಚಾರ ತುಸು ಯಂತ್ರದ್ದಾದರೂ. ಸಿದ್ಧ ಬಟನ್ ಬಳಿ ಬಂದಾಗ ಅದು ಹೆಸರಿನ ಜೊತೆಗೆ ಇದು ಬಟನ್ ಎಂದೂ ಹೇಳುತ್ತದೆ. ಡಿವ್ ಬಳಿ ಬಂದಾಗ ಬಟನ್ ಎಂಬ ಮಾತಿಲ್ಲದೆ ಅಕ್ಷರ ಓದಿ ಮುಂದೆ ಹೋಗುತ್ತದೆ. ಅದು ಗುಂಡಿಯೋ ಪುಟದ ನಡುವಿನ ಒಂದು ಪದವೋ ಕೇಳುವವರು ಊಹಿಸಬೇಕು. ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 30ರಂದು ಕೊಟ್ಟ ತೀರ್ಪಿನಲ್ಲಿ, ಡಿಜಿಟಲ್ ಸೇವೆಗಳ ಬಳಕೆ ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಹೇಳಿತು. ಬ್ಯಾಂಕು, ಸಿಮ್ ಕಾರ್ಡ್‌ಗಳ ಇ-ಕೆವೈಸಿಯಲ್ಲಿ ಕಣ್ಣು ಮಿಟುಕಿಸಿ ತೋರಿಸಲಾಗದ ಆಸಿಡ್ ದಾಳಿಯ ಸಂತ್ರಸ್ತರೂ ಒಬ್ಬ ದೃಷ್ಟಿಹೀನರೂ ತಂದ ಅರ್ಜಿಗಳವು. ‘ಎಷ್ಟು ಜನ’ ಎಂಬ ಪ್ರಶ್ನೆಗೆ ಆ ತೀರ್ಪಿನ ನಂತರ ಭಾರತದಲ್ಲಿ ಮೊದಲಿನ ತೂಕ ಉಳಿದಿಲ್ಲ.

ಕನ್ನಡಕ್ಕೆ ಬಂದರೆ ಮುಖದ ಎರವಲು ಇನ್ನೊಂದು ರೀತಿಯಲ್ಲಿ ಕೈಕೊಡುತ್ತದೆ. ಸ್ವಂತ ಗುಂಡಿ ಕಟ್ಟುವವರು ಅದರ ಎತ್ತರವನ್ನು ಇಂಗ್ಲಿಷ್ ಅಕ್ಷರ ನೋಡಿ ಇಷ್ಟೇ ಎಂದು ಬಿಗಿದಿಟ್ಟು, ಹೊರಚಾಚಿದ್ದನ್ನು ಕತ್ತರಿಸು ಎಂದಿರುತ್ತಾರೆ. ನಮ್ಮ ಲಿಪಿ ಮೇಲೂ ಬೆಳೆಯುತ್ತದೆ, ಕೆಳಗೂ ಇಳಿಯುತ್ತದೆ. ‘ಸಲ್ಲಿಸಿ’ಯ ಒತ್ತಕ್ಷರ ಗುಂಡಿಯ ತಳದಂಚಿನಲ್ಲಿ ತುಂಡಾಗಿ ಓದುಗರಿಗೆ ‘ಸಲಿಸಿ’ ಕಾಣುತ್ತದೆ. ಒತ್ತುವ ಜಾಗದಲ್ಲಿ ಒತ್ತಿಗೇ ಜಾಗವಿಲ್ಲ. ಫೋನಿನ ಅಕ್ಷರ ದೊಡ್ಡದು ಮಾಡಿಕೊಂಡ ಹಿರಿಯರಿಗೆ ಇದು ಇನ್ನೂ ಹೆಚ್ಚು. ಅಕ್ಷರಗಳನ್ನು ಒಂದೊಂದಾಗಿ ತಾವೇ ಜೋಡಿಸಿ ಗುಂಡಿಯ ಮೇಲೆ ಬರೆಯುವ ಆಟಗಳಲ್ಲಿ ಪಾಡು ಮತ್ತೂ ಕೆಟ್ಟದು: ಒತ್ತು, ಗುಣಿಸು ಎಲ್ಲ ಬಿಡಿಬಿಡಿಯಾಗಿ ಚೆಲ್ಲಿಹೋಗುತ್ತವೆ. ಹಾರ್ಫ್‌ಬಜ್‌ನಂಥ ತಂತ್ರಾಂಶ ಹಿನ್ನೆಲೆಯಲ್ಲಿ ಮೌನವಾಗಿ ಮಾಡುವ ಅಕ್ಷರ ಜೋಡಣೆಯೂ ಸಿದ್ಧ ಗುಂಡಿಯೊಂದಿಗೆ ಬರುತ್ತಿತ್ತು. ಅದನ್ನೂ ಹೊರಗೆ ಬಿಟ್ಟು ಬಂದಿದ್ದಾರೆ. ಕೆಲವು ವರ್ಷ ಆಂಡ್ರಾಯ್ಡ್ ಗುಂಡಿಗಳು ಎದ್ದು ಕಾಣಲೆಂದು ಇಂಗ್ಲಿಷನ್ನು ತಾವಾಗಿಯೇ ದೊಡ್ಡಕ್ಷರಕ್ಕೆ ತಿರುಗಿಸುತ್ತಿದ್ದವು. ಕನ್ನಡದಲ್ಲಿ ದೊಡ್ಡಕ್ಷರವೇ ಇಲ್ಲವಾದ್ದರಿಂದ ಕನ್ನಡದ ಗುಂಡಿ ಸುತ್ತಲಿನ ವಾಕ್ಯದಂತೆಯೇ ಕಂಡಿತು.

ಅದಕ್ಕೂ ಮಿಗಿಲಾದ ಒಂದು ತೊಡಕು ನಮ್ಮ ನುಡಿಯದ್ದೇ. ಇಂಗ್ಲಿಷ್‌ನಲ್ಲಿ ‘ಸೇವ್’ ಮತ್ತು ‘ಡಿಲೀಟ್’ ಎಂಬ ಎರಡು ಗುಂಡಿಗಳನ್ನು ಒಂದರ ಬದಿಗೊಂದು ಇಟ್ಟರೆ ಆಕಾರದಿಂದಲೇ ಬೇರೆ. ಅನುವಾದಿಸಿದಾಗ ಅವು ‘ಉಳಿಸಿ’, ‘ಅಳಿಸಿ’ ಆಗುತ್ತವೆ: ಒಂದೇ ಉದ್ದ, ಒಂದೇ ಪ್ರಾಸ, ಮೊದಲ ಅಕ್ಷರ ಬಿಟ್ಟು ಮಿಕ್ಕದ್ದೆಲ್ಲ ಒಂದೇ. ಅವಸರದ ಬೆರಳು ‘ಅಳಿಸಿ’ಯ ಮೇಲೆ ಬಿದ್ದು, ಕಣ್ಣು ಆ ‘ಅ’ಕಾರವನ್ನು ಗುರುತಿಸುವ ಹೊತ್ತಿಗೆ ಬೆರಳು ಇನ್ನೂ ಪರದೆಯ ಮೇಲೇ ಇದ್ದರೆ, ಪಕ್ಕಕ್ಕೆ ಜಾರಿಸಿ ಬಿಡಬಹುದು. ಸಿದ್ಧ ಗುಂಡಿಯಾಗಿದ್ದರೆ ಕಡತ ಉಳಿಯುತ್ತದೆ. ತಾಗಿದ ಕ್ಷಣಕ್ಕೇ ಕೆಲಸ ಮುಗಿಸುವಂತೆ ಯಾರೋ ಕಟ್ಟಿದ ಗುಂಡಿಯಾಗಿದ್ದರೆ, ಜಾರಿಸುವಷ್ಟರಲ್ಲಿ ಅದು ಅಳಿದಿರುತ್ತದೆ.